ಗಿರಾಕಿ ಡಬ್ಬ

ಲೋವೆಲ್ ಪ್ರಾಕ್ನೋ ತೀರಿಕೊಂಡ ಸುದ್ದಿ ನಮ್ಮ ಒಕ್ಕೂಟದ ಸುದ್ದಿಪತ್ರದಲ್ಲಿ ಆರು ಸಾಲಿನಲ್ಲಿ ಬಂತು. ಆ ಪತ್ರವನ್ನು ಮೂವತ್ತನಾಲ್ಕು ವರ್ಷ ಬರೆದವನು ಅವನು. ಇಪ್ಪತ್ತಾರು ವರ್ಷ ಅವನ ಎದುರು ಮೇಜಿನಲ್ಲಿ ಕೂತು ಅದನ್ನು ಅಚ್ಚಿಗೆ ಜೋಡಿಸಿದವಳು ನಾನು, ಜಿನೀವಾ ಹ್ರುಸ್ಕಾ. ಈಗ ಅದನ್ನು ನಡೆಸುವ ಹುಡುಗಿ ಕೆಟ್ಟವಳೇನಲ್ಲ, ಅವನ ಹೆಸರನ್ನು ಹೇಗೆ ಬರೆಯುವುದು ಎಂದು ನನಗೆ ಫೋನ್ ಮಾಡಿ ಕೇಳಿದ್ದಳು. ಆದರೆ ಐದನೆಯ ಸಾಲಿನಲ್ಲಿ ಅವಳು ಬರೆದದ್ದು ಇದು: ‘ವಿಸ್ಕಾನ್ಸಿನ್ನಿನ ಕ್ರೆಡಿಟ್ ಯೂನಿಯನ್‌ಗಳ ಲಕ್ಷಾಂತರ ಗಿರಾಕಿಗಳಿಗಾಗಿ ದುಡಿದವರು.’ ಓದಿ ನನ್ನ ಮೈ ಉರಿದುಹೋಯಿತು. ಸತ್ತವನ ತಲೆಯ ಮೇಲೂ ಕಲ್ಲು ಎಳೆದಿದ್ದರು. ಅದಕ್ಕೇ ಇದನ್ನು ಬರೆಯಲು ಕುಳಿತಿದ್ದೇನೆ.

ಗಿರಾಕಿಗಳಿರುವುದು ಬ್ಯಾಂಕಿಗೆ. ಕ್ರೆಡಿಟ್ ಯೂನಿಯನ್ ಎಂದರೆ ಸಂಘ, ಅದರಲ್ಲಿ ಇರುವವರು ಸದಸ್ಯರು. ಐದು ಡಾಲರ್ ಇಟ್ಟವನೂ ಒಡೆಯ, ಐವತ್ತು ಸಾವಿರ ಇಟ್ಟವನೂ ಒಡೆಯ, ಇಬ್ಬರಿಗೂ ಒಂದೊಂದೇ ಮತ. ರಾಜ್ಯದ ಅಂಥ ಸಂಘಗಳೆಲ್ಲ ಸೇರಿ ಕಟ್ಟಿಕೊಂಡದ್ದು ನಮ್ಮ ಒಕ್ಕೂಟ. ಲೋವೆಲ್ ಅಲ್ಲಿ ಮೂರು ಕೆಲಸ ಮಾಡುತ್ತಿದ್ದ. ಸುದ್ದಿಪತ್ರ ಬರೆಯುತ್ತಿದ್ದ, ಫೆಬ್ರವರಿಯಲ್ಲಿ ಬಸ್ಸು ತುಂಬ ಸದಸ್ಯರನ್ನು ರಾಜಧಾನಿ ಮ್ಯಾಡಿಸನ್ನಿಗೆ ಕರೆದೊಯ್ದು ಶಾಸಕರ ಬಾಗಿಲು ತಟ್ಟಿಸುತ್ತಿದ್ದ, ಉಳಿದ ದಿನ ಊರೂರು ಸುತ್ತಿ ಸಂಘದ ಮ್ಯಾನೇಜರುಗಳಿಗೂ ಸಂಬಳವಿಲ್ಲದೆ ದುಡಿಯುವ ಆಡಳಿತ ಮಂಡಳಿಯವರಿಗೂ ಪಾಠ ಹೇಳುತ್ತಿದ್ದ.

ಪಾಠಕ್ಕೆ ಹೋಗುವಾಗ ಒಂದು ಕಾಫಿಪುಡಿ ಡಬ್ಬ ಜೊತೆಗಿರುತ್ತಿತ್ತು. ಮುಚ್ಚಳದಲ್ಲಿ ಸೀಳು, ಮೈಮೇಲೆ ಅವನದೇ ಕೈಬರಹದಲ್ಲಿ ‘ಗಿರಾಕಿ ಡಬ್ಬ’. ಪಾಠದ ನಡುವೆ ಬಾಯಿ ತಪ್ಪಿ ಯಾರಾದರೂ ಸದಸ್ಯರನ್ನು ‘ಗಿರಾಕಿ’ ಎಂದರೆ ಕಾಲು ಡಾಲರ್ ದಂಡ. ಬ್ಯಾಂಕಿನಿಂದ ಕೆಲಸ ಬಿಟ್ಟು ಬಂದವರು ಮೊದಲ ದಿನವೇ ಎರಡು ಡಾಲರ್ ಕಳೆದುಕೊಳ್ಳುತ್ತಿದ್ದರು. ಸಂಜೆ ಆ ಚಿಲ್ಲರೆಯಲ್ಲಿ ಎಲ್ಲರಿಗೂ ಚೀಸು ತುಣುಕು ಬರುತ್ತಿತ್ತು. ಲೋವೆಲ್ ಮಾತ್ರ ಒಂದು ನಾಣ್ಯವನ್ನೂ ಹಾಕಿದವನಲ್ಲ. ಅವನ ಬಾಯಲ್ಲಿ ಆ ಮಾತು ಒಮ್ಮೆಯಾದರೂ ಬರಲಿ ಎಂದು ನಾನು ಎಷ್ಟೋ ಸಲ ಕೆಣಕಿದ್ದೇನೆ.

“ಅಂಗಡಿಗೆ ಹೋಗಿ ಬೆಣ್ಣೆ ತಗೊಳ್ಳೋವಾಗ ನೀನು ಯಾರಯ್ಯಾ? ಅಲ್ಲೂ ಸದಸ್ಯನಾ?”

“ಅಲ್ಲಿ ನಾನು ಬೆಣ್ಣೆ ತಗೊಳ್ಳೋನು.”

ಹೀಗೆ ಜಾರಿಕೊಳ್ಳುತ್ತಿದ್ದ. ಹೆಂಡತಿ ಕೊರಿನ್ ಅವನನ್ನು ಬಿಟ್ಟುಹೋಗುವಾಗ, “ನಿಂಗೆ ಎಪ್ಪತ್ತೆರಡು ಜಿಲ್ಲೆ ತುಂಬ ಸದಸ್ಯರಿದಾರೆ, ನಾನು ಯಾವ ಲೆಕ್ಕ” ಎಂದು ಹೇಳಿ ಹೋದಳಂತೆ. ಅದನ್ನೂ ಅವನೇ ನಗುತ್ತ ಹೇಳಿದ್ದ. ಆ ನಗು ನನಗೆ ಸೇರಲಿಲ್ಲ.

ಅವನು ಹುಟ್ಟಿದ ಊರು ಹೆರನ್ ಫಾಲ್ಸ್. ಕಾಗದದ ಮಿಲ್ಲಿನ ಊರು. ಮಿಲ್ಲಿನ ಹನ್ನೆರಡು ಮಂದಿ ಸಿಗಾರ್ ಪೆಟ್ಟಿಗೆಯಲ್ಲಿ ಚಂದಾ ಕೂಡಿಟ್ಟು ಅಲ್ಲಿನ ಸಂಘವನ್ನು ಶುರು ಮಾಡಿದ್ದರು. ಅವರಲ್ಲಿ ಅವನ ಅಪ್ಪನೂ ಒಬ್ಬ. ಮಗ ಹುಟ್ಟಿದ ವಾರವೇ ಅವನ ಹೆಸರಲ್ಲಿ ಖಾತೆ ತೆರೆದ, ನಂಬರು ನಲವತ್ತೊಂದು. ಲೋವೆಲ್ ರಾಜಧಾನಿಗೆ ಬಂದು ನೆಲೆಸಿದ ಮೇಲೂ ಸಂಬಳ ಹೋಗುತ್ತಿದ್ದದ್ದು ಆ ಖಾತೆಗೇ. ಮಿಲ್ಲಿನ ಗೇಟಿನ ಎದುರು ಎರಡು ಕೋಣೆಯ ಮನೆಯೇ ಸಂಘದ ಕಚೇರಿ. ಮ್ಯಾನೇಜರ್ ಆರ್ಡಿಸ್ ಅವನ ಮೊದಲ ವರ್ಷದ ಪಾಠಕ್ಕೆ ಬಂದಿದ್ದವಳು. ಊರಿನಲ್ಲಿ ಯಾರು ಸಾಲ ತೀರಿಸುತ್ತಾರೆ, ಯಾರು ತೀರಿಸದಿದ್ದರೂ ಅಳುತ್ತ ಬಂದು ಹೇಳುತ್ತಾರೆ ಎನ್ನುವುದೆಲ್ಲ ಅವಳಿಗೆ ಬಾಯಿಪಾಠ.

ಹಿಲ್ಡಾ ಕ್ಲುಗ್ ಎಂಬ ವಿಧವೆಯ ಮಾತು ನನಗಿನ್ನೂ ಕಿವಿಯಲ್ಲಿದೆ. ಮಿಲ್ಲಿನಲ್ಲಿ ಕಾಗದ ಆರಿಸುವ ಕೆಲಸ ಮಾಡಿ ನಿವೃತ್ತಳಾದವಳು. ಲೋವೆಲ್ ಒಂದು ಫೆಬ್ರವರಿ ಅವಳನ್ನು ಶಾಸಕರೊಬ್ಬರ ಮುಂದೆ ಕೂರಿಸಿದ. ಸಂಘಗಳ ಮೇಲೆ ಬ್ಯಾಂಕಿನಂತೆಯೇ ತೆರಿಗೆ ಹಾಕಿದರೆ ತಪ್ಪೇನು ಎಂದು ಆತ ಕೇಳಿದ. ಹಿಲ್ಡಾ ಹೇಳಿದಳು: “ಜನವರೀಲಿ ನನ್ನ ಮನೆ ಬೆಚ್ಚಗಿಡೋ ಫರ್ನೇಸು ಕೆಟ್ಟೋಯ್ತು ಸ್ವಾಮಿ. ಬ್ಯಾಂಕಿನೋನು ನನ್ನ ಕಾಗದ ನೋಡ್ದ. ಆರ್ಡಿಸ್ ನನ್ನ ಮುಖ ನೋಡಿದ್ಲು. ಭಾನುವಾರ ಬಾಗಿಲು ತೆಗೆದು ಸಾಲ ಕೊಟ್ಲು.” ಆ ವರ್ಷ ತೆರಿಗೆ ಬರಲಿಲ್ಲ. ಲೋವೆಲ್ ತಿಂಗಳುಗಟ್ಟಲೆ ಆ ಮಾತನ್ನೇ ಮೆಲುಕು ಹಾಕುತ್ತಿದ್ದ.

ಮಿಲ್ಲು ಮುಚ್ಚಿತು. ಮರುವರ್ಷ, ಎರಡು ಸಾವಿರದ ಆರರಲ್ಲಿ, ಹೆರನ್ ಫಾಲ್ಸಿನ ಸಂಘವನ್ನು ತನ್ನಲ್ಲಿ ಸೇರಿಸಿಕೊಳ್ಳಲು ದೂರದ ನಗರದ ದೊಡ್ಡ ಸಂಘವೊಂದು ಮುಂದೆ ಬಂತು. ಅಂಥ ಸುದ್ದಿಗಳನ್ನು ನಾವಿಬ್ಬರೂ ನೂರಾರು ಅಚ್ಚು ಹಾಕಿದ್ದೆವು. ‘ಸದಸ್ಯರು ವಿಲೀನವನ್ನು ಅನುಮೋದಿಸಿದರು’ ಎಂಬ ಸಾಲು ಎಷ್ಟು ಸಲ ಬಂದಿತ್ತೆಂದರೆ ನನ್ನ ಬೆರಳುಗಳು ಅದನ್ನು ನಿದ್ದೆಯಲ್ಲೂ ಜೋಡಿಸುತ್ತಿದ್ದವು. ಈ ಸಲ ಮಾತ್ರ ಲೋವೆಲ್ ಕಾಗದವನ್ನು ಅಚ್ಚಿಗೆ ಕೊಡದೆ ಕೈಯಲ್ಲೇ ಹಿಡಿದು ಕೂತ. ಸಂಘ ಹೋದರೆ ಕಚೇರಿ ಹೋಗುತ್ತದೆ, ಆರ್ಡಿಸ್ ಹೋಗುತ್ತಾಳೆ, ಮಿಲ್ಲಿಲ್ಲದ ಆ ಊರಿನ ಮುಖ ನೋಡಿ ಸಾಲ ಕೊಡುವವರು ಯಾರೂ ಉಳಿಯುವುದಿಲ್ಲ. ಇದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಒಕ್ಕೂಟದವರು ಬಾಯಿ ಬಿಡುವಂತಿಲ್ಲ. ದೊಡ್ಡ ಸಂಘವೂ ನಮ್ಮದೇ, ಚಿಕ್ಕದೂ ನಮ್ಮದೇ. ಆದರೂ ಸೆಪ್ಟೆಂಬರಿನ ಒಂದು ಶುಕ್ರವಾರ ಅವನು ಊರಿಗೆ ಹೊರಟ. ಅವನ ಕಣ್ಣಿಗೆ ಪೊರೆ ಬಂದಿತ್ತು, ಕಾರು ಓಡಿಸಿದ್ದು ನಾನೇ. ಹೊಳೆದಂಡೆಯ ಹೋಟೆಲಿನಲ್ಲಿ ಶುಕ್ರವಾರದ ಕರಿದ ಮೀನಿಗೆ ಅರ್ಧ ಊರೇ ಸೇರಿತ್ತು. ಹಳೆಯ ಮಿಲ್ಲು ಕೆಲಸಗಾರನೊಬ್ಬ ಬ್ರಾಂದಿ ಲೋಟ ಹಿಡಿದು ನಮ್ಮ ಮೇಜಿಗೇ ಬಂದ.

“ಏನಯ್ಯಾ ಪ್ರಾಕ್ನೋ, ನಮ್ಮ ಸಂಘಾನ ನುಂಗೋಕೆ ಬಂದವ್ರಂತಲ್ಲ?”

“ನಾನೇನೂ ಹೇಳೋ ಹಾಗಿಲ್ಲ. ಸಭೆಗೆ ಬನ್ನಿ ಅಂತ ಮಾತ್ರ ಹೇಳಬಹುದು.”

“ಬರದೆ ಇರ್ತೀವಾ? ಇಡೀ ಊರು ಬರ್ತದೆ. ಬೇಡ ಅಂತ ಬರೆದು ಹಾಕ್ತೀವಿ. ಆ ಡುವೇನ್‌ಗೆ ಕೂರೋಕೂ ಜಾಗ ಸಿಗಾಕಿಲ್ಲ, ನೋಡ್ತಿರು.”

ಡುವೇನ್ ಜಾಸ್ಟ್ರೋ ಮಂಡಳಿಯ ಅಧ್ಯಕ್ಷ, ವಿಲೀನ ಬೇಕು ಎಂದವನು. ಅವನನ್ನು ಬೈಯಲು ನನಗೆ ಆಸೆಯಿದೆ, ಆದರೆ ಪೂರ್ತಿ ಬೈಯಲಾರೆ. ಎಪ್ಪತ್ನಾಲ್ಕು ವರ್ಷ, ಕೆಟ್ಟ ಸೊಂಟ. ಖಜಾಂಚಿಯ ಕೆಲಸಕ್ಕೆ ಜನ ಸಿಗದೆ ಅದನ್ನೂ ತಾನೇ ನಾಲ್ಕು ವರ್ಷ ಎಳೆದಿದ್ದ. ಕಚೇರಿ ಉಳಿಸುತ್ತೇವೆ ಎಂದು ದೊಡ್ಡವರು ಮಾತು ಕೊಟ್ಟಿದ್ದಾರೆ ಎಂದು ನಿಜವಾಗಿಯೂ ನಂಬಿದ್ದ.

ಅಕ್ಟೋಬರಿನಲ್ಲಿ ಸಭೆಯ ನೋಟೀಸಿನ ಪ್ರತಿ ನಮಗೆ ಬಂತು. ನಾನು ಅದನ್ನು ಜೋಡಿಸಿ ಕರಡು ತೆಗೆದು ಲೋವೆಲ್ ಮುಂದಿಟ್ಟೆ. ಅವನು ಭೂತಗನ್ನಡಿ ಹಿಡಿದು ಓದಿದ. ಮತ್ತೆ ಓದಿದ.

“ಜಿನೀವಾ, ಈ ತಾರೀಕು ಯಾವ ವಾರ?”

“ಶನಿವಾರ.”

“ಯಾವ ಶನಿವಾರ?”

ಆಗ ಹೊಳೆಯಿತು ನನಗೆ. ಜಿಂಕೆ ಬೇಟೆ ಶುರುವಾಗುವ ಶನಿವಾರ. ಆ ದಿನ ನಮ್ಮ ರಾಜ್ಯದ ಬಡಗಣ ಊರುಗಳಲ್ಲಿ ಮದುವೆ ಇಡುವುದಿಲ್ಲ. ಸಾವೇ ಬಂದರೂ ಸೋಮವಾರ ಬಾ ಎನ್ನುತ್ತಾರೆ. ಲೋವೆಲ್ ಡುವೇನ್‌ಗೆ ಫೋನು ಹಚ್ಚಿದ, ನನಗೂ ಕೇಳುವಂತೆ ಗುಂಡಿ ಒತ್ತಿದ.

“ಅಯ್ಯೋ ದೇವರೇ,” ಎಂದ ಡುವೇನ್. “ಇಗರ್ಜಿ ಸಭಾಭವನ ಅವತ್ತೊಂದೇ ದಿನ ಖಾಲಿ ಇತ್ತು ಕಣಯ್ಯಾ.”

“ಯಾಕೆ ಖಾಲಿ ಇತ್ತು ಅಂತ ಯೋಚನೆ ಮಾಡಿದ್ಯಾ?”

“ನನ್ನ ಸೊಂಟ ಹೋಗಿ ಆರು ವರ್ಷ ಆಯ್ತು. ಬೇಟೆ ಲೆಕ್ಕ ಯಾವನು ಇಟ್ಕೋತಾನೆ?”

“ಮುಂದಕ್ಕೆ ಹಾಕು.”

“ನೋಟೀಸು ಅಂಚೆಗೆ ಬಿದ್ದಾಯ್ತು. ಇನ್ನೊಂದು ನೋಟೀಸು, ಇನ್ನೂ ಮೂವತ್ತು ದಿನ, ಕ್ರಿಸ್ಮಸ್ ಬಂದ್ಬಿಡ್ತದೆ. ವರ್ಷ ಮುಗಿದ್ರೆ ಮಾತಿಲ್ಲ ಅಂದವ್ರೆ ದೊಡ್ಡ ಸಂಘದವ್ರು.” ಮತ್ತೆ ಹೇಳಿದ: “ನೀನೇ ಬಂದು ಮತ ಎಣಿಸು ಲೋವೆಲ್. ಒಕ್ಕೂಟದೋನು ಎಣಿಸಿದ್ರೆ ನಾಳೆ ಯಾರೂ ನನ್ನ ಮುಖಕ್ಕೆ ಉಗಿಯಲ್ಲ.”

ಲೋವೆಲ್ ಹೂಂ ಎಂದುಬಿಟ್ಟ.

ಆ ಶನಿವಾರ ಬೆಳಿಗ್ಗೆ ಮತ್ತೆ ನಾನೇ ಕಾರು ಓಡಿಸಿದೆ. ದಾರಿಯ ಎರಡೂ ಬದಿ ಕಾಡಿನಂಚಿನಲ್ಲಿ ಗಾಡಿಗಳು, ಕಿತ್ತಳೆ ಬಣ್ಣದ ಕೋಟುಗಳು. ನನ್ನ ಬಾಯಿ ಸುಮ್ಮನಿರುವುದಿಲ್ಲ.

“ನೀನ್ಯಾಕಯ್ಯಾ ಎಣಿಸೋಕೆ ಒಪ್ಕೊಂಡೆ? ಎಣಿಸೋನು ಮತ ಹಾಕಬಾರದು ಅಂತ ನಿಂದೇ ಪಾಠ. ಕೈಲಿದ್ದ ಒಂದು ಮತಾನೂ ಕಳ್ಕೊಂಡ್ಯಲ್ಲ.”

“ನಾನು ಒಪ್ಪದಿದ್ರೆ ದೊಡ್ಡ ಸಂಘದ ವಕೀಲ ಎಣಿಸ್ತಾನೆ. ಬೆಳಿಗ್ಗೆ ಬೇಟೆ ಮುಗಿಸಿ ಹತ್ತು ಗಂಟೆಗೆ ಬರ್ತಾರೆ ಬಿಡು. ಇನ್ನೂರು ಜನ ಅಂದ್ರೂ ನನ್ನ ಒಂದು ಮತ ಯಾವ ಮೂಲೆಗೆ?”

ಹತ್ತು ಗಂಟೆಗೆ ಸಭಾಭವನದಲ್ಲಿದ್ದವರು ಹದಿನೇಳು ಮತದಾರರು. ಮಂಡಳಿಯ ಏಳು ಮಂದಿ, ಅವರಲ್ಲಿ ಇಬ್ಬರ ಹೆಂಡತಿಯರು. ಇನ್ನೊಂದು ಕಡೆ ಆರ್ಡಿಸ್, ಹಿಲ್ಡಾ ಕ್ಲುಗ್, ಆರು ಮಂದಿ ಮುದುಕಿಯರು. ಲೋವೆಲ್ ಬಾಗಿಲ ಬಳಿ ನಿಂತು ಹತ್ತೂಕಾಲರವರೆಗೆ ರಸ್ತೆ ನೋಡಿದ. ದೂರದ ಕಾಡಿನಲ್ಲಿ ಬಂದೂಕಿನ ಸದ್ದು ಕೇಳುತ್ತಿತ್ತು. ಕೋರಂ ಹದಿನೈದು. ಎರಡು ಸಾವಿರ ಸದಸ್ಯರಿಗೆ ಹದಿನೈದು ಸಾಕು ಎಂಬುದೂ ಅವನದೇ ಸಲಹೆ. ವಾರ್ಷಿಕ ಸಭೆಗೆ ಹಂದಿತೊಡೆ ಬಹುಮಾನ ಇಟ್ಟರೂ ಜನ ಬರುವುದಿಲ್ಲ ಎಂದು ಹಿಂದೆ ರಾಜ್ಯದ ಸಂಘಗಳಿಗೆಲ್ಲ ಅವನೇ ಬರೆದುಕೊಟ್ಟಿದ್ದ.

ಆರ್ಡಿಸ್ ಎದ್ದು ಮಾತಾಡಿದಳು. ಎರಡು ನಿಮಿಷವೂ ಆಗಲಿಲ್ಲ, ಕೂತಳು. ಡುವೇನ್ ತಲೆಯೆತ್ತದೆ ಕಾಗದ ನೋಡಿ ಓದಿದ. ಚೀಟಿಗಳು ಡಬ್ಬಿಗೆ ಬಿದ್ದವು. ಲೋವೆಲ್ ಮೇಜಿನ ಮೇಲೆ ಅವನ್ನು ಎರಡು ಗುಂಪು ಮಾಡಿದ, ಕನ್ನಡಕ ಒರೆಸಿದ, ಎಣಿಸಿದ. ಮತ್ತೆ ಎಣಿಸಿದ. ಮೂರನೆಯ ಸಲ ಎಣಿಸುವಾಗ ನಾನೂ ಎದ್ದು ಅವನ ಹಿಂದೆ ಹೋಗಿ ನಿಂತೆ.

“ಬೇಕು, ಒಂಬತ್ತು. ಬೇಡ, ಎಂಟು. ಠರಾವು ಪಾಸಾಗಿದೆ.”

ಯಾರೂ ಚಪ್ಪಾಳೆ ತಟ್ಟಲಿಲ್ಲ. ಸಮ ಬಂದಿದ್ದರೆ ಠರಾವು ಬಿದ್ದುಹೋಗುತ್ತಿತ್ತು. ಅದನ್ನು ಆ ಸಭೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಚೀಟಿಗಳಿಗೆ ರಬ್ಬರು ಸುತ್ತುತ್ತಿದ್ದ. ಹಿಲ್ಡಾ ಊರುಗೋಲು ಊರಿಕೊಂಡು ಅವನ ಮೇಜಿಗೆ ಬಂದಳು.

“ಮಗಾ, ನೀನು ಹಾಕಿದ್ಯಾ?”

“ಇಲ್ಲ ಮಿಸೆಸ್ ಕ್ಲುಗ್. ಎಣಿಸೋನು ಹಾಕೋ ಹಾಗಿಲ್ಲ.”

“ನೀನು ನಲವತ್ತೊಂದನೇ ನಂಬರು. ನಿಮ್ಮಪ್ಪ ಖಾತೆ ತೆಗೆದಾಗ ನಾನು ಸಾಲಲ್ಲಿ ಹಿಂದೆ ನಿಂತಿದ್ದೆ. ಹಾಕೋ ಹಾಗಿಲ್ಲ ಅಂತ ಎಲ್ಲಿ ಬರೆದದೆ?”

“ಪುಸ್ತಕದಲ್ಲಿ.”

“ಯಾವ ಪುಸ್ತಕ?”

“ಸಭೆ ನಡೆಸೋ ಪಾಠದ ಪುಸ್ತಕ.”

“ಯಾರು ಬರೆದಿದ್ದು?”

ಲೋವೆಲ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಆರ್ಡಿಸ್ ತನ್ನ ಚೀಲದಿಂದ ಸಂಘದ ಬೈಲಾ ತೆಗೆದು ಅವನ ಮುಂದಿಟ್ಟಳು. ಅವನಿಗೆ ಓದಲಾಗದೆ ನಾನೇ ಓದಿದೆ, ಮೊದಲ ಪುಟದಿಂದ ಕೊನೆಯವರೆಗೆ. ಎಣಿಸುವವನು ಮತ ಹಾಕಬಾರದು ಎಂಬ ಸಾಲು ಅದರಲ್ಲಿ ಇರಲಿಲ್ಲ. ರಾಜ್ಯದ ಕಾನೂನಿನಲ್ಲೂ ಇರಲಿಲ್ಲ, ಅದನ್ನು ಸೋಮವಾರ ನೋಡಿದೆ. ಅದು ಇದ್ದದ್ದು ಲೋವೆಲ್‌ನ ಪಾಠದಲ್ಲಿ ಮಾತ್ರ. ಯಾರಿಗೂ ಅನುಮಾನ ಬರದಿರಲಿ ಎಂದು ಇಪ್ಪತ್ತಾರು ವರ್ಷದ ಹಿಂದೆ ಅವನೇ ಸೇರಿಸಿದ್ದ. ವರ್ಷ ವರ್ಷ ಹೇಳಿ ಹೇಳಿ ಅವನಿಗೇ ಅದು ಕಾನೂನಾಗಿಬಿಟ್ಟಿತ್ತು.

“ಈಗ ಹಾಕು,” ಎಂದಳು ಹಿಲ್ಡಾ.

“ಫಲಿತಾಂಶ ಹೇಳಿ ಆಯ್ತು ಮಿಸೆಸ್ ಕ್ಲುಗ್.”

ಅವಳು ಅವನ ಕೆನ್ನೆ ತಟ್ಟಿ ಹೊರಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಎರಡು ಗಂಟೆ ದಾರಿ ಹಿಂತಿರುಗಿದೆವು. ಒಕ್ಕೂಟದ ಕಚೇರಿಯ ಹತ್ತಿರ ನಿಲ್ಲಿಸು ಎಂದ. ಒಳಗೆ ಹೋಗಿ ಕಪಾಟಿನಿಂದ ಗಿರಾಕಿ ಡಬ್ಬ ಇಳಿಸಿದ, ಜೇಬಿನಿಂದ ಕಾಲು ಡಾಲರ್ ತೆಗೆದು ಸೀಳಿನಲ್ಲಿ ಹಾಕಿದ. ಖಾಲಿ ಡಬ್ಬದಲ್ಲಿ ಅದು ಟಣ್ ಎಂದಿತು.

“ನೀನು ಆ ಮಾತು ಆಡಲಿಲ್ವಲ್ಲ,” ಎಂದೆ.

“ಹೋದೆ, ನೋಡಿದೆ, ಮತ ಹಾಕದೆ ವಾಪಸ್ ಬಂದೆ. ಹಾಗೆ ಮಾಡೋನಿಗೆ ಏನಂತಾರೆ ಜಿನೀವಾ?”

ಅವನು ಕೋಟು ಕೂಡ ಬಿಚ್ಚದೆ ಕೂತು ಡಿಸೆಂಬರ್ ಸಂಚಿಕೆಗೆ ಸುದ್ದಿ ಬರೆದ. ‘ಹೆರನ್ ಫಾಲ್ಸ್: ಸದಸ್ಯರು ವಿಲೀನವನ್ನು ಅನುಮೋದಿಸಿದರು.’ ಹದಿನೇಳು ಜನ ಎಂದಾದರೂ ಸೇರಿಸು ಎಂದು ಜಗಳಕ್ಕೆ ನಿಂತೆ. ಬೇರೆ ಯಾವ ಊರಿಗೂ ಸಂಖ್ಯೆ ಹಾಕಿಲ್ಲ, ನಮ್ಮ ಊರಿಗೆ ಯಾಕೆ ಎಂದ. ನಾನೇ ಅಚ್ಚು ಜೋಡಿಸಿದೆ.

ಕಚೇರಿ ಹದಿನಾಲ್ಕು ತಿಂಗಳು ನಡೆಯಿತು, ಆಮೇಲೆ ಮುಚ್ಚಿತು. ಬಾಗಿಲ ಪಕ್ಕ ದುಡ್ಡಿನ ಯಂತ್ರ ನಿಲ್ಲಿಸಿದರು, ಬೇಸಿಗೆಯಲ್ಲಿ ಅದನ್ನೂ ಕಿತ್ತೊಯ್ದರು. ಆರ್ಡಿಸ್ ಹೆದ್ದಾರಿಯ ಪೆಟ್ರೋಲ್ ಬಂಕಿನ ಗಲ್ಲಾದಲ್ಲಿ ಕೂತಳು. ಡುವೇನ್ ಊರಿನವರಿಗೆ ಮುಖ ತೋರಿಸಲಾಗದೆ ಮಗಳ ಮನೆಗೆ ಹೋದ. ಕಾಡಿನಿಂದ ಇಳಿದುಬಂದ ಗಂಡಸರು ಶುಕ್ರವಾರದ ಮೀನು ತಿನ್ನುತ್ತ, ನಮ್ಮನ್ನು ಕೇಳದೆ ಮಾರಿಬಿಟ್ಟರು ಎಂದು ಇವತ್ತಿಗೂ ಬೈಯುತ್ತಾರೆ. ಅವರ ಬಾಯಿಗೆ ಮೀನಿನ ಮುಳ್ಳು ಸಿಕ್ಕಿಕೊಳ್ಳಲಿ.

ಲೋವೆಲ್ ಇನ್ನೂ ಒಂದೂವರೆ ವರ್ಷ ಪಾಠ ಹೇಳಿದ. ಡಬ್ಬ ಒಯ್ಯುವುದನ್ನು ಬಿಟ್ಟ. ಒಂದು ದಿನ ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ದೊಡ್ಡ ಸಂಘವೊಂದರಿಂದ ಬಂದ ತರುಣ ಒಂದೇ ಉಸಿರಿನಲ್ಲಿ ನಾಲ್ಕು ಸಲ ‘ಗಿರಾಕಿ’ ಎಂದ. ಹಳಬರೆಲ್ಲ ಲೋವೆಲ್ ಕಡೆ ತಿರುಗಿ ನಗಲು ಕಾದರು. ಅವನು ಮುಂದಿನ ಪುಟ ತೆಗೆಯಿರಿ ಎಂದ.

ಅವನು ನಿವೃತ್ತನಾದ ಮೊದಲ ಚಳಿಗಾಲದಲ್ಲಿ ಆರ್ಡಿಸ್ ಫೋನ್ ಮಾಡಿದಳು. ಹಿಲ್ಡಾಳ ಫರ್ನೇಸು ಮತ್ತೆ ಕೆಟ್ಟಿದೆ, ದೊಡ್ಡ ಸಂಘದಲ್ಲಿ ಸಾಲ ಕೇಳಿದರೆ ಕ್ರೆಡಿಟ್ ಸ್ಕೋರ್ ಸಾಲದು ಎಂದು ಫೋನಿನಲ್ಲೇ ಇಲ್ಲವೆಂದಿದ್ದಾರೆ, ಮುದುಕಿ ಮೈ ಬೆಚ್ಚಗಾಗಲೆಂದು ಅಡಿಗೆಮನೆಯ ಓವನ್ನಿನ ಬಾಗಿಲು ತೆರೆದಿಟ್ಟುಕೊಂಡು ಕೂತಿದೆ ಎಂದಳು. ಲೋವೆಲ್ ಮರುದಿನ ಬೆಳಿಗ್ಗೆಯೇ ನನ್ನನ್ನು ಹೊರಡಿಸಿದ. ಲಕೋಟೆಯಲ್ಲಿ ಫರ್ನೇಸಿಗಾಗುವಷ್ಟು ದುಡ್ಡಿತ್ತು.

ಹಿಲ್ಡಾ ಕೋಟು, ಟೋಪಿ ಹಾಕಿಕೊಂಡೇ ಅಡಿಗೆಮನೆಯಲ್ಲಿದ್ದಳು. ನಮಗೆ ಕಾಫಿ ಕೊಟ್ಟಳು. ಲಕೋಟೆ ನೋಡಿ, ಮುಟ್ಟದೆ ಕೇಳಿದಳು:

“ಇದು ಯಾರ ದುಡ್ಡು? ಸಂಘದ್ದಾ?”

“ನಂದು.”

“ಬಡ್ಡಿ ಎಷ್ಟು?”

“ಬಡ್ಡಿ ಏನೂ ಬೇಡ. ಯಾವಾಗ ಬೇಕಾದ್ರೂ ಕೊಡಿ. ಕೊಡದಿದ್ರೂ ಆಯ್ತು.”

“ಹಂಗಾದ್ರೆ ಬೇಡ ಮಗಾ. ಸಂಘದಲ್ಲಿ ತಗೊಂಡ್ರೆ ಅದು ನನ್ನ ದುಡ್ಡು, ನಾನು ತೀರಿಸ್ತಿದ್ದೆ. ಇದು ಭಿಕ್ಷೆ. ಎಂಬತ್ಮೂರು ವರ್ಷ ತಗೊಂಡಿಲ್ಲ, ಈಗ ನಿನ್ನ ಕೈಲಿ ಯಾಕೆ ತಗೊಳ್ಳಿ?”

ಅವನು ಬೇಡಿಕೊಂಡ. ನಿಮಗಾಗಿ ಅಲ್ಲ, ನನಗಾಗಿ ತಗೊಳ್ಳಿ ಎಂದ. ಹಾಗೆಂದದ್ದೇ ತಪ್ಪಾಯಿತು. ಅವಳು ಲಕೋಟೆಯನ್ನು ಅವನ ಕೋಟಿನ ಜೇಬಿಗೆ ಹಾಕಿ, ಜೇಬಿನ ಗುಂಡಿಯನ್ನೂ ತಾನೇ ಹಾಕಿದಳು. ನಾನು ಅಡಿಗೆಮನೆಯಿಂದ ಎದ್ದು ಕಾರಿನ ಹತ್ತಿರ ಬಂದು ಅತ್ತೆ. ಫೆಬ್ರವರಿಯಲ್ಲಿ ಹಿಲ್ಡಾಳನ್ನು ನ್ಯುಮೋನಿಯಾ ಎಂದು ಆಸ್ಪತ್ರೆಗೆ ಸೇರಿಸಿದರು. ಅವಳು ಮನೆಗೆ ಹಿಂತಿರುಗಲಿಲ್ಲ. ಲೋವೆಲ್ ಏಪ್ರಿಲ್‌ನಲ್ಲಿ ಹೋದ. ಹೃದಯ ಎಂದರು ವೈದ್ಯರು.

ಹಿಲ್ಡಾಳ ಮನೆಯಿಂದ ಹೊರಟ ಆ ದಿನ ಮಿಲ್ಲಿನ ಗೇಟಿನ ಎದುರು ನಿಧಾನ ಮಾಡಲು ಹೇಳಿದ. ಆ ಎರಡು ಕೋಣೆಯ ಮನೆಯ ಕಿಟಕಿಗೆ ಹಲಗೆ ಹೊಡೆದಿದ್ದರು. ಅವನಿಗೆ ಅದು ಎಷ್ಟು ಕಂಡಿತೋ ತಿಳಿಯದು. ಊರು ದಾಟಿದ ಮೇಲೆ ಕೇಳಿದ:

“ಜಿನೀವಾ, ಅವತ್ತು ನನ್ನ ಕಣ್ಣು ಸರಿ ಇರಲಿಲ್ಲ. ಎಣಿಸಿದ್ದು ಸರಿಯಾಗಿತ್ತು ತಾನೆ?”

ಹಾಕದ ಮತದ ಬದಲು ಕಣ್ಣಿನ ಮೇಲಾದರೂ ತಪ್ಪು ಹೋಗಲಿ ಎಂದು, ಇಲ್ಲ, ತಪ್ಪಿತ್ತು ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಆದರೆ ಚೀಟಿಗಳಿಗೆ ರಬ್ಬರು ಸುತ್ತುವ ಮೊದಲು ನಾನೂ ಅವನ ಹಿಂದೆ ನಿಂತು ಎಣಿಸಿದ್ದೆ.

“ಸರಿಯಾಗಿತ್ತು,” ಎಂದೆ.

ಅವನು ತಲೆಯಾಡಿಸಿದ. ಜೇಬಿನ ಗುಂಡಿಯ ಮೇಲೆ ಕೈ ಇಟ್ಟುಕೊಂಡು ಮನೆಯವರೆಗೂ ಹಾಗೆಯೇ ಕೂತಿದ್ದ.